ಫ್ರಾನ್ಸಿನ ಸಾಹುಕಾರನಿಗೆ ಹೊಸಪೇಟೆಯ ಬೀಗರು

ಹಂಪಿಯಲ್ಲಿ ಗೈಡ್ ಕೆಲಸ ಮಾಡುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ದಿನಾ ಬಸ್ಸಿಳಿದು ಬರುತ್ತದೆ. ಆನೆಲಾಯ ನೋಡಿ "ಇದರಾಗ ರೂಮು ಬಾಡಿಗಿಗೆ ಕೊಡ್ತಾರೇನ್ರಿ?" ಎಂದು ಕೇಳಿದವರಿದ್ದಾರೆ. ರಾಣಿಯ ಸ್ನಾನಗೃಹದ ಮುಂದೆ ನಿಂತು ಟವೆಲ್ ತಂದಿಲ್ಲವಲ್ಲ ಎಂದು ಹೆಂಡತಿಯನ್ನು ಬೈದವರೂ ಇದ್ದಾರೆ. ಅವೆಲ್ಲ ಆ ಹೊತ್ತಿಗೆ ನಕ್ಕು ಮರೆಯುವಂಥವು. ಆದರೆ ಒಬ್ಬನೇ ಕೂತಾಗ ತಾವಾಗಿ ನೆನಪಾಗಿ, ಮತ್ತೆ ಮತ್ತೆ ನಗಿಸುವವು ನಮ್ಮ ಫ್ರೆಂಚ್ ಮಾಸ್ತರರ ಪ್ರಸಂಗಗಳು.

ಮಾಸ್ತರು ಅವರ ದೇಶದಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಒಂದು ಸಲ ಹಂಪಿ ನೋಡಲು ಬಂದರು. ಮರುವರ್ಷ ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿಕೊಂಡು ಬಂದು, ಹೊಸಪೇಟೆಯ ನಮ್ಮ ಓಣಿಯಲ್ಲೇ ಒಬ್ಬ ಅಜ್ಜಿಯ ಮನೆಯ ಮಹಡಿ ಕೋಣೆ ಬಾಡಿಗೆ ಹಿಡಿದರು. ಆಮೇಲೆ ಪ್ರತಿ ಚಳಿಗಾಲಕ್ಕೂ ತಪ್ಪಲಿಲ್ಲ. "ನನ್ನ ಊರಲ್ಲಿ ಸಿಕ್ಕವರೆಲ್ಲ ಪುಸ್ತಕ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾರೆ. ಇಲ್ಲಿ ಯಾರೂ ಕೇಳುವುದಿಲ್ಲ" ಎನ್ನುತ್ತಿದ್ದರು. ಪಾಪ, ಅವರಿಗೆ ಹೊಸಪೇಟೆ ಗೊತ್ತಿರಲಿಲ್ಲ. ವಾರದೊಳಗೆ ಹಾಲಿನವನು, ಇಸ್ತ್ರಿಯವನು, ಮಿರ್ಚಿ ಕರಿಯುವವನು ಎಲ್ಲರೂ "ಏನ್ರಿ ಮಾಸ್ತರ, ಬುಕ್ಕು ಎಲ್ಲಿಗೆ ಬಂತು?" ಎಂದು ಶುರು ಮಾಡಿದರು.

ಬುಕ್ಕು ಫ್ರಾನ್ಸಿನಲ್ಲಿ ರಾಜರು ಆಳುತ್ತಿದ್ದ ಕಾಲದ ಒಬ್ಬ ಸಾಹುಕಾರನ ಮೇಲೆ. ಬಟ್ಟೆ ವ್ಯಾಪಾರಿಯ ಮಗ. ರಾಜನ ಯುದ್ಧಕ್ಕೆ, ಅರಮನೆಗೆ, ಔತಣಕ್ಕೆ ದುಡ್ಡು ಹೊಂದಿಸಿಕೊಟ್ಟು, ಬದಲಿಗೆ ಕಂದಾಯ ವಸೂಲಿಯ ಗುತ್ತಿಗೆ ಹಿಡಿದು ಬೆಳೆದವನು. ದೊಡ್ಡ ದೊಡ್ಡ ಜಹಗೀರದಾರರ ಜೊತೆ ಬೀಗತನ ಮಾಡಿದ. ಒಂದು ದಿನ ರಾಜನಿಗೇ ಸಂಶಯ ಬಂದು ಅವನನ್ನು ಜೈಲಿಗೆ ಹಾಕಿಸಿದ. ಹೊರಗೆ ಬಂದಮೇಲೆ ಯಾರಿಗೂ ಬೇಡವಾಗಿ ಸತ್ತ. ಮಾಸ್ತರು ಎಲ್ಲ ಬರೆದಿದ್ದರು, ಕೊನೆಯ ಅಧ್ಯಾಯ ಒಂದನ್ನು ಬಿಟ್ಟು. "ಅವನ ಗೋರಿ ಎಲ್ಲಿದೆ ಎಂದು ಸಹ ಗೊತ್ತಿಲ್ಲ. ನನ್ನೊಬ್ಬನನ್ನು ಬಿಟ್ಟರೆ ಅವನನ್ನು ನೆನೆಯುವವರಿಲ್ಲ. ಇಂಥವನ ಕಥೆಯನ್ನು ಹೇಗೆ ಮುಗಿಸಲಿ?" ಎಂದು ಕೂರುತ್ತಿದ್ದರು. ಮಾಸ್ತರು ಹೃದಯದ ಆಪರೇಷನ್ ಆಗಿದ್ದ ಮನುಷ್ಯ. ಪುಸ್ತಕ ಮೊದಲು ಮುಗಿಯುತ್ತದೋ ತಾವೇ ಮೊದಲು ಮುಗಿಯುತ್ತೇವೋ ಎಂಬ ಭಯ ಅವರಿಗಿತ್ತು. ಅದನ್ನು ನಗುತ್ತ ಹೇಳುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನನ್ನ ಫ್ರೆಂಚ್ ಭಾಷೆ ಪ್ರವಾಸಿಗರ ಹಿಂದೆ ತಿರುಗಿ ಕಲಿತದ್ದು. ಗುಡಿ, ಕಂಬ, ಎಳನೀರು, ಭೇದಿ ಮಾತ್ರೆ ಇವುಗಳ ಬಗ್ಗೆ ನಾನು ಸರಾಗವಾಗಿ ಮಾತಾಡಬಲ್ಲೆ. ಉಳಿದದ್ದಕ್ಕೆ ಇಂಗ್ಲಿಷು, ಕೈಸನ್ನೆ. ಮಾಸ್ತರಿಗೂ ಊರಿಗೂ ನಡುವೆ ದುಭಾಷಿ ಅಂದರೆ ನಾನೇ.

ಕಂಪ್ಲಿಯ ಊಟ

ನಮ್ಮ ಕಡೆ ಫೈನಾನ್ಸರ್ ಎಂದರೆ ಟ್ರ್ಯಾಕ್ಟರಿಗೆ, ಲಾರಿಗೆ ಸಾಲ ಕೊಡುವವನು. ಅದು ನೆನಪಿಲ್ಲದೆ ನಾನು ಒಂದು ಮುಂಜಾನೆ ಮಂಡಕ್ಕಿ ವಗ್ಗರಣಿ-ಮಿರ್ಚಿ ಹೋಟೆಲಿನಲ್ಲಿ, "ನಮ್ಮ ಮಾಸ್ತರು ಒಬ್ಬ ದೊಡ್ಡ ಫೈನಾನ್ಸರ್ ಬಗ್ಗೆ ಬರಿಯಾಕ ಹತ್ಯಾರ. ಸಾಕ್ಷಾತ್ ರಾಜಗ ದುಡ್ಡು ಕೊಟ್ಟಾಂವ" ಅಂದೆ. ಮಾತು ಸಂಜೆಯೊಳಗೆ ಕಂಪ್ಲಿ ಮುಟ್ಟಿತು. ಅಲ್ಲಿಯ ಒಬ್ಬ ರೈಸ್ ಮಿಲ್ ಮಾಲೀಕರು ಫೋನ್ ಮಾಡಿ, "ಮಾಸ್ತರನ್ನ ಕರಕೊಂಡು ಊಟಕ್ಕ ಬರ್ರಿ. ಇಲ್ಲ ಅನಬ್ಯಾಡ್ರಿ" ಎಂದರು.

ಹೋದೆವು. ಮಿಲ್ಲಿನ ಹಿಂದೆಯೇ ಮನೆ. ಹೋಳಿಗೆ, ಎಣ್ಣೆಗಾಯಿ, ಅವರದೇ ಮಿಲ್ಲಿನ ಹಳೆ ಅಕ್ಕಿಯ ಅನ್ನ, ಕೈ ಮುಳುಗುವಷ್ಟು ತುಪ್ಪ. ಮಾಸ್ತರು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಮಾಲೀಕರ ಹೆಂಡತಿ ಕೈಯ ಮೇಲೇ ಬಡಿಸುವ ಹಾಗೆ ನಿಂತರು. ನಾನಂತೂ ಬೇಡ ಅನ್ನುವ ತಪ್ಪು ಮಾಡಲಿಲ್ಲ. ಊಟ ಮುಗಿದು ಎಲೆ-ಅಡಿಕೆ ಬಂತು. ಮಾಲೀಕರು ಕುರ್ಚಿ ಹತ್ತಿರ ಎಳೆದುಕೊಂಡರು.

"ಮೆಟ್ರಿ ಕಡೆ ಇನ್ನೊಂದು ಮಿಲ್ ಹಾಕಬೇಕಂತ ಮಾಡೇನಿ. ಬ್ಯಾಂಕಿನವರು ಭಾಳ ತಿರುಗಾಡಸಾಕ ಹತ್ಯಾರ. ಮಾಸ್ತರು ಒಂದು ಮಾತು ಹೇಳಿದ್ರ ಆ ಫ್ರಾನ್ಸಿನ ಸಾವ್ಕಾರ್ರು ಇಲ್ಲ ಅನ್ನಂಗಿಲ್ಲ. ರಾಜಗ ಕೊಟ್ಟಾರಂದ್ರ ನಮಗ ಕೊಡಾಕೇನು?"

ನಾನು ಹೋಳಿಗೆ ತಿಂದ ಬಾಯಲ್ಲೇ ಇದನ್ನು ಮಾಸ್ತರಿಗೆ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿ, "ಇದ್ದಿದ್ದರೆ ಖಂಡಿತ ಕೊಡುತ್ತಿದ್ದ. ಬಡ್ಡಿ ಮಾತ್ರ ಬಹಳ" ಅಂದರು. ಈಗ ನಿಜ ಹೇಳುವ ಪಾಳಿ ನನ್ನದು. ಉಂಡ ಮನೆ, ಹೇಗೆ ಹೇಳುವುದು?

"ಸಾವ್ಕಾರ್ರ, ತಪ್ಪು ತಿಳಕೋಬ್ಯಾಡ್ರಿ. ಆ ಮನಿಷ್ಯಾ ತೀರಿಕೊಂಡು ಭಾಳ ಕಾಲ ಆತ್ರಿ. ರಾಜರ ಕಾಲದಾಗ ಇದ್ದ, ರಾಜರ ಕಾಲದಾಗ ಹೋದ."

ಮಾಲೀಕರು ಕಣ್ಣು ಮುಚ್ಚಿ ಕೈ ಮುಗಿದರು. ಸತ್ತವರಿಗೆ ಕೊಡುವ ಮರ್ಯಾದೆ ಕೊಟ್ಟು, ಮೆಲ್ಲಗೆ ಕೇಳಿದರು:

"ಹೋಗ್ಲಿ ಬಿಡ್ರಿ. ಮಕ್ಕಳು ವ್ಯವಹಾರ ನಡಸ್ತಿರಬೇಕಲ್ಲ?"

ಸಂಡೂರಿನ ದಾರಿ

ಮಳೆ ಮುಗಿದ ಮೇಲೆ ಸಂಡೂರಿನ ಗುಡ್ಡ ಹಸಿರಾಗಿರುತ್ತದೆ. ಕೊನೆಯ ಅಧ್ಯಾಯ ಮುಂದೆ ಹೋಗದಿದ್ದಾಗಲೆಲ್ಲ ಮಾಸ್ತರು "ಗುಡ್ಡ ನೋಡಿ ಬರೋಣ" ಅನ್ನುತ್ತಿದ್ದರು. ಒಮ್ಮೆ ಹೀಗೆ ಹೊರಟಾಗ ಸಿಕ್ಕ ಕಾರಿನ ಡ್ರೈವರು ಗಾದಿಗನೂರಿನವನು. ಅದಿರಿನ ಗಣಿಗಳು ಭರ್ಜರಿ ನಡೆದಾಗ ಸ್ವಂತ ಲಾರಿ ಇಟ್ಟಿದ್ದನಂತೆ. ಗಣಿ ನಿಂತಿತು, ಕಂತು ನಿಂತಿತು, ಫೈನಾನ್ಸಿನವರು ಲಾರಿ ಸೀಜ್ ಮಾಡಿಕೊಂಡು ಹೋದರು. ಈಗ ಬೇರೆಯವರ ಕಾರು ಓಡಿಸುತ್ತಿದ್ದ.

ಮಾಸ್ತರು ಏನು ಬರೆಯುತ್ತಾರೆ ಎಂದು ಅವನು ಕೇಳಿದ. ಕಂಪ್ಲಿಯಲ್ಲಿ ಬುದ್ಧಿ ಕಲಿತಿದ್ದ ನಾನು "ಸತ್ತುಹೋದ ಒಬ್ಬ ಫೈನಾನ್ಸರ್ ಬಗ್ಗೆ" ಎಂದು ಸ್ಪಷ್ಟವಾಗಿ ಹೇಳಿದೆ. ಕಾರು ಒಮ್ಮೆಲೇ ನಿಧಾನವಾಯಿತು.

"ಅಣ್ಣಾ, ಅಂಥೋರ ಮ್ಯಾಲ ಬುಕ್ಕು ಬರೀತಾರಾ? ನನ್ನ ಲಾರಿಗೆ ಮಗಳ ಹೆಸರು ಬರಸಿದ್ದೆ. ಅದನ್ನೂ ಅಳಸಲಿಲ್ಲ, ಹಂಗ ಹೊಡಕೊಂಡು ಹೋದ್ರು. ನಮ್ಮ ಮ್ಯಾಲ ಬರಿ ಅಂತ ಹೇಳು ಸಾರ್‌ಗೆ."

ಇದನ್ನು ಕೇಳಿ ಮಾಸ್ತರು ಮುಖ ಸಣ್ಣದು ಮಾಡಿದರು. ಸಾಹುಕಾರನ ಕಡೆಯಿಂದ ತಾವೇ ಕ್ಷಮೆ ಕೇಳುವವರ ಹಾಗೆ, "ಅವನೂ ಕಷ್ಟಪಟ್ಟ ಎಂದು ಹೇಳು. ರಾಜ ಅವನನ್ನು ಜೈಲಿಗೆ ಹಾಕಿದ, ಮನೆ ಜಪ್ತಿ ಮಾಡಿದ, ಕುದುರೆಗಾಡಿಯನ್ನೂ ಬಿಡಲಿಲ್ಲ" ಅಂದರು. ನಾನು ಹೇಳಿದೆ.

ಡ್ರೈವರು ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿಯೇಬಿಟ್ಟ.

"ಏನಂದಿ? ರಾಜ ಫೈನಾನ್ಸ್‌ನೋನ ಗಾಡಿ ಸೀಜ್ ಮಾಡಿದ್ನಾ?"

"ಹೂಂ. ಕುದ್ರಿ ಸಮೇತ."

ಅವನ ಮುಖ ನೋಡಬೇಕಿತ್ತು. ಇಳಿದು ಹೋಗಿ ಎದುರಿನ ಗೂಡಂಗಡಿಯಿಂದ ಮೂವರಿಗೂ ಚಹಾ ತಂದ. ದುಡ್ಡು ಮುಟ್ಟಲಿಲ್ಲ. ಬಿಸ್ಕೀಟಿನ ಪುಡಿಕೆಯನ್ನೂ ಮಾಸ್ತರ ಕೈಯಲ್ಲಿ ತುರುಕಿದ. ಸಂಡೂರು ಮುಟ್ಟುವವರೆಗೆ "ಎಂಥಾ ರಾಜ! ಅಂಥಾ ರಾಜ ಇರಬೇಕು ನೋಡಣ್ಣ" ಎಂದು ಸ್ಟೇರಿಂಗ್ ಬಡಿದದ್ದೇ ಬಡಿದದ್ದು. ಕೊನೆಗೆ, "ಆ ರಾಜನ ಮಂದಿ ಈಗೂ ಆಳ್ತಾರೇನಣ್ಣ?" ಎಂದು ಕೇಳಿದ.

"ಇಲ್ಲಪ್ಪ. ಅದೇ ವಂಶದಾಗ ಮುಂದ ಒಬ್ಬ ರಾಜ ಬಂದ. ಅವನ ತಲೀನ ತಗದ್ರು."

ಡ್ರೈವರು ಗಕ್ಕನೆ ಬ್ರೇಕ್ ಹಾಕಿ ಹಿಂದಕ್ಕೆ ತಿರುಗಿದ.

"ಯಾರು, ಫೈನಾನ್ಸ್‌ನೋರಾ?"

ಗೋಡೆಯ ಮೇಲಿನ ಬೀಗರು

ಮಾಸ್ತರ ಕೋಣೆಯ ಗೋಡೆ ತುಂಬ ಒಂದು ದೊಡ್ಡ ಹಾಳೆ ಅಂಟಿಸಿತ್ತು. ನಡುವೆ ಸಾಹುಕಾರನ ಹೆಸರು, ಅಲ್ಲಿಂದ ನಾಲ್ಕೂ ದಿಕ್ಕಿಗೆ ಗೆರೆಗಳು. ಯಾವ ಮಗಳು ಯಾವ ಮನೆಗೆ ಹೋದಳು, ಯಾವ ಮಂತ್ರಿ ಯಾರಿಗೆ ಷಡ್ಡಕ, ಯಾರ ಮೂಲಕ ರಾಜನ ಕಿವಿಗೆ ಮಾತು ಮುಟ್ಟುತ್ತಿತ್ತು ಎಲ್ಲ ಅದರಲ್ಲಿತ್ತು. ಅವರು ವರ್ಷಗಟ್ಟಲೆ ಹುಡುಕಿ ಜೋಡಿಸಿದ್ದು.

ಮನೆಯೊಡತಿ ಅಜ್ಜಿ ಕಸ ಹೊಡೆಯಲು ಮೇಲೆ ಹೋದಾಗ ಅದನ್ನು ನೋಡಿ ನನ್ನನ್ನು ಕರೆಸಿದಳು. "ತಮ್ಮಾ, ಇದೇನು ಕರೆಂಟಿನ ನಕ್ಷೆನೋ?" ನಾನು ಬೀಗತನದ ನಕ್ಷೆ ಅಂದೆ. ಅಷ್ಟು ಸಾಕಾಯಿತು. ಕೆಳಗೆ ಹೋಗಿ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆದುಕೊಂಡು ಬಂದಳು. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಸ್ತರು ಮಂಚದ ಮೇಲೆ ಕಾಲು ಮಡಚಿ ಕೂತು ಒಂದೊಂದು ಗೆರೆಯನ್ನೂ ವಿವರಿಸಿದರು. ಅವರ ಪಾಠವನ್ನು ಇಷ್ಟು ಗಮನವಿಟ್ಟು ಕೇಳಿದ ವಿದ್ಯಾರ್ಥಿಗಳು ಅವರಿಗೆ ಸಿಕ್ಕಿರಲಿಕ್ಕಿಲ್ಲ.

"ಹಿರೇ ಮಗಳನ್ನ ಯಾರಿಗೆ ಕೊಟ್ಟ?" ಅಜ್ಜಿ ಕೇಳಿದಳು.

ಮಾಸ್ತರು ಬಾಗಿಲ ಪಕ್ಕದ ಹೆಸರೊಂದನ್ನು ತೋರಿಸಿ, ಅಳಿಯ ದೊಡ್ಡ ಜಹಗೀರದಾರ, ರಾಜನ ಎಡಗಡೆ ಕೂತು ಊಟ ಮಾಡುವವನು ಎಂದರು.

"ಮತ್ತ ಮಾವ ಜೈಲಿಗೆ ಹೋದಾಗ ಈ ಅಳಿಯ ಏನು ಮಾಡಿದ?"

"ಏನೂ ಮಾಡಲಿಲ್ಲ. ಪರಿಚಯವೇ ಇಲ್ಲ ಅಂದುಬಿಟ್ಟ."

"ಒಂದು ದಿನಾನೂ ಬುತ್ತಿ ಕಟಗೊಂಡು ಹೋಗಲಿಲ್ಲೇನು?"

ನಾನು ಬುತ್ತಿ ಎಂದರೇನು ಎಂಬುದನ್ನು ಮಾಸ್ತರಿಗೆ ವಿವರಿಸಿದೆ. ಅವರು ತಲೆ ಅಲ್ಲಾಡಿಸಿದರು. ಯಾರೂ ಒಯ್ಯಲಿಲ್ಲ. ಎಲ್ಲ ಹೆಂಗಸರೂ ಒಟ್ಟಿಗೆ ಶುರು ಮಾಡಿದರು. ಆ ಅಳಿಯನಿಗೆ ಅವತ್ತು ಹೊಸಪೇಟೆಯಲ್ಲಿ ಬಿದ್ದ ಬೈಗುಳ ಅವನ ಇಡೀ ಜಹಗೀರಿಗೆ ಸಾಕಾಗುವಷ್ಟಿತ್ತು. ಒಂದನ್ನೂ ನಾನು ಭಾಷಾಂತರ ಮಾಡಲಿಲ್ಲ. ಮಾಸ್ತರಿಗೆ ಮಾತ್ರ ಧಾಟಿಯಲ್ಲೇ ಎಲ್ಲ ಅರ್ಥವಾಗಿ, ಮನಸ್ಸಿಗೆ ಬಹಳ ಹಿತವಾದಂತೆ ಕಂಡಿತು.

ಅಂದಿನಿಂದ ಆ ಹಾಳೆಯ ಧೂಳನ್ನು ದಿನಾ ಒರೆಸುವ ಕೆಲಸ ಅಜ್ಜಿ ತಾನೇ ವಹಿಸಿಕೊಂಡಳು. ಚಳಿಗಾಲ ಮುಗಿಯುವ ಹೊತ್ತಿಗೆ ಹಾಳೆಯೆಲ್ಲ ಫಳಫಳ ಅನ್ನುತ್ತಿತ್ತು. ಬಾಗಿಲ ಪಕ್ಕದ ಆ ಒಂದು ಹೆಸರಿನ ಮೇಲೆ ಮಾತ್ರ ಬೆರಳು ದಪ್ಪ ಧೂಳು ಕೂತಿತ್ತು. ಇದೇನಜ್ಜಿ ಎಂದು ಕೇಳಿದರೆ ಅಜ್ಜಿ ಸೆರಗು ಝಾಡಿಸಿದಳು.

"ಅಂವಗ ನಾ ಒರಸಂಗಿಲ್ಲ."

ತುಲಾಭಾರ

ನನ್ನ ಜೊತೆ ಗೈಡ್ ಕೆಲಸ ಮಾಡುವವನೊಬ್ಬನಿದ್ದಾನೆ. ಕಥೆ ಎಲ್ಲೇ ಬಿದ್ದಿರಲಿ, ಎತ್ತಿಕೊಂಡು ಹಂಪಿಗೆ ತಂದು ನಿಲ್ಲಿಸುತ್ತಾನೆ. ಒಂದು ಮಧ್ಯಾಹ್ನ ಕಮಲಾಪುರದಲ್ಲಿ ಚಹಾ ಕುಡಿಯುತ್ತ ಅವನಿಗೆ ಮಾಸ್ತರ ಸಾಹುಕಾರನ ಕಥೆ ಹೇಳಿದ್ದೆ. ಹೇಳಿ ಮರೆತಿದ್ದೆ.

ಮರುವರ್ಷ ನಾನೂ ಮಾಸ್ತರೂ ರಾಜರನ್ನು ಬಂಗಾರದಲ್ಲಿ ತೂಗುತ್ತಿದ್ದರೆನ್ನುವ ಹೊಳೆದಂಡೆಯ ತುಲಾಭಾರದ ಹತ್ತಿರ ಹೋದರೆ, ಆ ಕಲ್ಲುಕಂಬಗಳ ಕೆಳಗೆ ಅವನು ಬೆಂಗಳೂರಿನ ಒಂದು ಗುಂಪನ್ನು ನಿಲ್ಲಿಸಿಕೊಂಡಿದ್ದ. "ರಾಯರ ಕಾಲದಲ್ಲಿ ಇಲ್ಲೊಬ್ಬ ಸಾಹುಕಾರನಿದ್ದ. ಬಟ್ಟೆ ವ್ಯಾಪಾರಿಯ ಮಗ. ರಾಯರಿಗೇ ದುಡ್ಡು ಹೊಂದಿಸಿಕೊಟ್ಟವನು. ದೊಡ್ಡ ದೊಡ್ಡ ಮನೆಗಳಿಗೆ ಹೆಣ್ಣು ಕೊಟ್ಟವನು..." ಮಾಸ್ತರು ಏನು ಹೇಳುತ್ತಿದ್ದಾನೆ ಎಂದು ಕೇಳಿದರು. ಸುಳ್ಳು ಹೇಳಲು ಹೊತ್ತಿರಲಿಲ್ಲ, ಕಿವಿಯಲ್ಲಿ ಭಾಷಾಂತರ ಮಾಡುತ್ತ ಹೋದೆ. ಸಂಶಯ ಬಂತು, ಜೈಲಾಯಿತು, ಅಳಿಯ ಪರಿಚಯವೇ ಇಲ್ಲ ಅಂದ. ಮಾಸ್ತರ ಆಯುಷ್ಯದ ದುಡಿತವೆಲ್ಲ ತುಂಗಭದ್ರೆಯ ದಂಡೆಯ ಮೇಲೆ ಬಿಸಿಲಲ್ಲಿ ಹರಡಿತ್ತು.

ಬೈಯುತ್ತಾರೆ ಅಂದುಕೊಂಡೆ. ಅವರು ಗುಂಪಿನ ಹಿಂದಿನಿಂದ ಕೈಯೆತ್ತಿ, ಇಂಗ್ಲಿಷಿನಲ್ಲಿ "ಕೊನೆಗೆ ಅವನಿಗೆ ಏನಾಯಿತು?" ಎಂದು ಕೇಳಿದರು.

ಗೈಡ್ ಎದೆ ಉಬ್ಬಿಸಿದ. "ರಾಯರಿಗೆ ತಮ್ಮ ತಪ್ಪು ಗೊತ್ತಾಯಿತು ಸಾರ್. ಜೈಲಿಗೆ ತಾವೇ ನಡೆದು ಹೋದರು. ಕೈ ಹಿಡಿದು ಕರೆತಂದು, ಇದೇ ತಕ್ಕಡಿಯಲ್ಲಿ ಕೂಡಿಸಿ ಬಂಗಾರದಲ್ಲಿ ತೂಗಿಸಿದರು. ಅಳಿಯಂದಿರು ಸಾಲಾಗಿ ಬಂದು ಕಾಲಿಗೆ ಬಿದ್ದರು."

ಗುಂಪು ಚಪ್ಪಾಳೆ ತಟ್ಟಿತು. ಮಾಸ್ತರೂ ತಟ್ಟಿದರು. ಅವರ ಕಣ್ಣು ಒದ್ದೆಯಾಗಿತ್ತು. ಹೋಗುವಾಗ ಅವನ ಕೈಗೆ ಒಳ್ಳೆಯ ಬಕ್ಷೀಸು ಕೊಟ್ಟು ನಡೆದರು. ಹೊಳೆಯ ದಂಡೆಯಲ್ಲಿ ಕೂತು, "ನನಗೆ ಇಂಥ ಅಧ್ಯಾಯ ಬರೆಯುವ ಹಕ್ಕಿಲ್ಲವಲ್ಲ" ಅಂದರು.

ಸಂಜೆ ಆ ಗೈಡನ್ನು ಹಿಡಿದು ತರಾಟೆಗೆ ತೆಗೆದುಕೊಂಡೆ. "ಲೇ, ಅವರು ಇಡೀ ಆಯುಷ್ಯ ಅದನ್ನ ಓದ್ಯಾರ. ಅವರ ಮುಂದ ಹಂಗ ಹೇಳ್ತಿಯಲ್ಲ, ನಾಚಿಕಿ ಬ್ಯಾಡ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಹೌದಾ? ಮತ್ತ ಕಡೀಗೆ ಏನಾತು ಅನ್ನೋದು ಅವರಿಗೆ ಗೊತ್ತ ಇರಲಿಲ್ಲಲ್ಲೋ!"

ಅಮಾವಾಸ್ಯೆಯ ಎಡೆ

ಮಾಸ್ತರು ಕೊನೆಯ ಸಲ ಬಂದ ವರ್ಷ ಚಳಿಗಾಲಕ್ಕೂ ಕಾಯಲಿಲ್ಲ, ದಸರೆಗೆ ಮೊದಲೇ ಬಂದರು. ಸೊರಗಿದ್ದರು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಿದ್ದರು. ಇದೇ ಕಡೆಯ ಪ್ರಯತ್ನ, ಈ ಸಲವೂ ಆಗದಿದ್ದರೆ ಹಾಳೆಗಳನ್ನೆಲ್ಲ ಕಟ್ಟಿ ಯಾವುದಾದರೂ ಗ್ರಂಥಾಲಯಕ್ಕೆ ಕೊಟ್ಟುಬಿಡುತ್ತೇನೆ ಎಂದರು. ಸಾಹುಕಾರನ ಚಿತ್ರವೊಂದು ಸಿಕ್ಕಿತ್ತಂತೆ. ಅದನ್ನು ಹೊಸಪೇಟೆಯಲ್ಲೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡರು. ಅದನ್ನು ನೋಡುತ್ತ ಕೂರುವುದು, ಎರಡು ಸಾಲು ಬರೆಯುವುದು, ಹರಿಯುವುದು.

ದಸರೆಯ ಹಿಂದಿನ ಅಮಾವಾಸ್ಯೆ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಕೊಂಡವರು ಅವತ್ತು ಮನೆಗೆ ಬರುತ್ತಾರೆ ಎಂದು ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುವುದು, ಗಂಡಸರಿಗೆ ಧೋತರ, ಹೆಂಗಸರಿಗೆ ಸೀರೆ ಬಳೆ ಇಡುವುದು ಪದ್ಧತಿ. ಅಜ್ಜಿ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದಳು. ಮಾಸ್ತರ ಮುಂಜಾನೆಯ ತಿರುಗಾಟ ಮುಗಿಸಿಕೊಂಡು ನಾವಿಬ್ಬರೂ ನೇರ ಅಜ್ಜಿಯ ಪಡಸಾಲೆಗೆ ಹೋದೆವು.

ಗೋಡೆಗೆ ಸಾಲಾಗಿ ಹಿರಿಯರ ಫೋಟೋ. ಅಜ್ಜಿಯ ಮಾವ, ಅತ್ತೆ, ಗಂಡ. ಅಜ್ಜಿಯ ಅತ್ತೆಯ ಪಕ್ಕದಲ್ಲಿ, ಮಾಸ್ತರ ಮೇಜಿನಿಂದ ಇಳಿದು ಬಂದ ನಮ್ಮ ಸಾಹುಕಾರ!

ಆ ಕಾಲದ ಫ್ರೆಂಚ್ ಗಂಡಸರು ತೊಡುತ್ತಿದ್ದ, ಹೆಗಲ ತನಕ ಇಳಿಬಿದ್ದ ಗುಂಗುರು ಕೂದಲ ಟೋಪನ್ನಿನ ಮೇಲೆ ಮಲ್ಲಿಗೆ ದಂಡೆ. ಪೌಡರು ಹಚ್ಚಿದ ಹಣೆಯ ನಡುವೆ ಕಾಸಿನಗಲದ ಕುಂಕುಮ. ಕೊರಳ ಲೇಸಿನ ಮೇಲೆ ಅರಿಸಿನ. ಮುಂದೆ ಬಾಳೆಲೆಯಲ್ಲಿ ಹೋಳಿಗೆ, ಕಡುಬು, ಅನ್ನ. ಪಕ್ಕದಲ್ಲಿ ಹಸಿರು ಇಳಕಲ್ ಸೀರೆ, ಕುಪ್ಪಸದ ಖಣ, ಒಂದು ಡಜನ್ ಹಸಿರು ಬಳೆ.

ಅಜ್ಜಿ ಸಂಭ್ರಮದಿಂದ ಹೇಳಿದಳು: "ಮಾಸ್ತರ ಅವ್ವನೋ ಅಜ್ಜಿನೋ ಇರಬೇಕು. ದಿನಾ ಎದುರಿಗೆ ಇಟಗೊಂಡು ಅಳೋ ಮಾರಿ ಮಾಡ್ತಾರ, ನನಗ ನೋಡಾಕ ಆಗಲಿಲ್ಲ. ಅವರ ಊರಾಗ ಆಕಿಗೆ ಎಡಿ ಇಡೋರು ಯಾರದಾರ? ಮುತ್ತೈದಿ ನೋಡು, ಮಾರಿ ಮ್ಯಾಲ ಎಷ್ಟು ಕಳಿ ಐತಿ!"

ನಾನು ಮಾಸ್ತರ ಮುಖ ನೋಡಿದೆ. ರಾಜನಿಗೆ ದುಡ್ಡು ಕೊಟ್ಟವನಿಗೆ ಬಳೆ ಇಟ್ಟಿದ್ದಾರೆ, ಈಗ ಏನು ಕಾದಿದೆಯೋ ಎಂದು. ಅವರು ಸಣ್ಣ ಧ್ವನಿಯಲ್ಲಿ ಇದೆಲ್ಲ ಏನು ಎಂದು ಕೇಳಿದರು. ಹೇಳಿದೆ: ಇದು ಸತ್ತವರು ಉಣ್ಣಲು ಬರುವ ದಿನ, ಯಾರೂ ಇಲ್ಲದವರು ಉಪವಾಸ ಹೋಗುತ್ತಾರೆ, ಇವರನ್ನು ನಿಮ್ಮ ತಾಯಿ ಎಂದುಕೊಂಡು, ಹಾಗೆ ಹೋಗಬಾರದೆಂದು ಅಜ್ಜಿ ಇಟ್ಟಿದ್ದಾಳೆ. ಮಾಸ್ತರು ನೆಲದ ಮೇಲೆ ಕೂತುಬಿಟ್ಟರು. ಆಮೇಲೆ, "ಅಜ್ಜಿಗೆ ನಿಜ ಹೇಳಬೇಕು. ಇದು ನನ್ನ ಸಾಹುಕಾರ ಅಂತ ಹೇಳು. ಇವನಿಗೆ ಯಾರೂ ಇಲ್ಲ. ಹೆಂಡತಿ ಕೂಡ ಸಿಟ್ಟಾಗಿ ತವರಿಗೆ ಹೋದವಳು ಸಾಯುವ ತನಕ ತಿರುಗಿ ನೋಡಲಿಲ್ಲ" ಎಂದರು.

ನಾನು ಹೇಳುತ್ತಿದ್ದಂತೆ ಅಜ್ಜಿಯ ಸೊಸೆ ಬಾಯಿಗೆ ಸೆರಗು ತುಂಬಿಕೊಂಡು ಅಡಿಗೆಮನೆಗೆ ಓಡಿದಳು. ಅಲ್ಲಿಂದ ಪಾತ್ರೆ ಬಿದ್ದ ಸದ್ದು, ನಗುವಿನ ಸದ್ದು. ನಾನೂ ತಡೆಯಲಾರದೆ ಗೋಡೆಯ ಕಡೆ ತಿರುಗಿದೆ. ಅಜ್ಜಿ ಮಾತ್ರ ನಗಲಿಲ್ಲ. ಹತ್ತಿರ ಹೋಗಿ ಚಿತ್ರವನ್ನು ಮತ್ತೊಮ್ಮೆ ನೋಡಿದಳು.

"ಅಯ್ಯ ಶಿವನೇ, ಗಂಡಸೇನು?"

ಸೊಸೆ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ, "ಅತ್ತಿ, ಸೀರಿ ತಗದು ಧೋತರ ಇಡಲೇನು?" ಎಂದಳು.

"ಮುಟ್ಟಬ್ಯಾಡ!" ಅಂದಳು ಅಜ್ಜಿ. "ಧೋತರ ಬೇಕಾದ್ರ ಅದರ ಬಾಜೂಕ ಇಡು. ಸೀರಿ ಇರಲಿ. ತಗೊಂಡು ಹೋಗಿ ಹೆಂಡ್ತಿ ಮುಂದ ನಿಂದ್ರಲಿ. ಬರಿಗೈಲೆ ಹೋದ್ರ ಯಾವ ಹೆಂಗಸಿನ ಸಿಟ್ಟು ಇಳೀತೈತಿ?"

ಇದನ್ನು ಭಾಷಾಂತರ ಮಾಡುವಾಗ ನನ್ನ ಗುಡಿ-ಕಂಬದ ಫ್ರೆಂಚ್ ತಡವರಿಸಿತು. ಆದರೂ ಮಾಸ್ತರಿಗೆ ಮುಟ್ಟಿತು. ನಕ್ಕರು. ಇಷ್ಟು ವರ್ಷದಲ್ಲಿ ಅವರು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನಾನು ನೋಡಿರಲಿಲ್ಲ. ನಗುತ್ತಲೇ ಅತ್ತರು. ಅಂದು ಹೋಳಿಗೆ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ. ಉಂಡು ಮೇಲೆ ಹೋದವರು ಸಂಜೆಯ ಚಹಾಕ್ಕೂ ಇಳಿದು ಬರಲಿಲ್ಲ. ಅಜ್ಜಿ ಚಹಾ ಕೊಟ್ಟು ಬಂದು, "ಮಾಸ್ತರು ತಲಿ ಎತ್ತಲಾರದ ಬರಿಯಾಕ ಹತ್ಯಾರ. ಇವತ್ತ ಒಂದು ಹಾಳೀನೂ ಹರಿದಿಲ್ಲ" ಎಂದು ವರದಿ ಒಪ್ಪಿಸಿದಳು.

ಆ ವರ್ಷ ಅವರು ಪುಸ್ತಕ ಮುಗಿಸಿಯೇ ಊರಿಗೆ ಹೋದರು. ಈಗ ಡಾಕ್ಟರು ವಿಮಾನ ಹತ್ತಬೇಡಿ ಎಂದಿದ್ದಾರೆ, ಬರುವುದಿಲ್ಲ. ಮಹಡಿ ಕೋಣೆಗೆ ಅಜ್ಜಿ ಬೇರೆ ಬಾಡಿಗೆಯವರನ್ನು ಇಡಲಿಲ್ಲ. ನಾನು ಆ ಮನೆಯ ಮುಂದೆ ಹಾಯುವಾಗ ಈಗಲೂ ಕಿಟಕಿ ನೋಡುತ್ತೇನೆ.

ಹೋದ ವರ್ಷ ಪೋಸ್ಟಿನಲ್ಲಿ ಪುಸ್ತಕ ಬಂತು. ಅಜ್ಜಿಯ ಹೆಸರಿಗೆ ಒಂದು, ನನಗೊಂದು. ಅಜ್ಜಿ ಅದಕ್ಕೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟು, "ಕಡೀ ಹಾಳಿಯಾಗ ಏನು ಬರದಾರ ಓದಿ ಹೇಳೋ ತಮ್ಮಾ" ಎಂದಳು. ಕನ್ನಡಕ ಹಾಕಿಕೊಂಡು, ಒಂದೊಂದೇ ಪದ ಹಿಡಿದು ಹೇಳಿದೆ: ತನ್ನವರೆಲ್ಲ ಬಿಟ್ಟುಹೋದ ಈ ಮನುಷ್ಯನಿಗೆ, ಅವನು ಹೆಸರೂ ಕೇಳಿರದ ಒಂದು ಊರಿನಲ್ಲಿ, ಒಬ್ಬ ತಾಯಿ ಊಟ ಬಡಿಸಿದಳು. ಹೆಂಡತಿಗೆ ಒಯ್ದು ಕೊಡು ಎಂದು ಒಂದು ಹಸಿರು ಸೀರೆಯನ್ನೂ ಕೊಟ್ಟಳು. ಅಲ್ಲಿಗೆ ಪುಸ್ತಕ ಮುಗಿದಿತ್ತು.

ನಾನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ಅಜ್ಜಿ ಇನ್ನೂ ನನ್ನ ಬಾಯನ್ನೇ ನೋಡುತ್ತಿದ್ದಳು.

"ಮುಂದ? ಹೆಂಡ್ತಿ ಸೀರಿ ತಗೊಂಡಳಂತೇನು?"